ಕೋಲ್ಡ್ ಸ್ಟೋರೇಜ್ ಕೆಟ್ಟ ದಿನ

ಬೆಳಿಗ್ಗೆ ಎಂಟಕ್ಕೇ ಯಜಮಾನ ಹೇಳಿಬಿಟ್ಟ:
ಯಂತ್ರ ಕೈಕೊಟ್ಟಿದೆ, ಸಾಮ್ಸುನ್‌ನಿಂದ ಮೆಕ್ಯಾನಿಕ್ ಬರಬೇಕು,
ಇವತ್ತು ಸೇಬು ಮುಟ್ಟಬೇಡಿ, ಹೋಗಿ.
ಹೋಗಿ ಅಂದರೆ ಎಲ್ಲಿಗೆ?
ನಾವು ನಾಲ್ವರು ಏಪ್ರನ್ ಬಿಚ್ಚದೆ ಗೇಟಿನಾಚೆ ನಿಂತೆವು,
ಬೇಗ ಶಾಲೆ ಬಿಟ್ಟರೆ ಮನೆಯ ದಾರಿ ಮರೆಯುವ ಮಕ್ಕಳ ಹಾಗೆ.

ತಲೆ ಎತ್ತಿದ್ದು ಗುಲಿಝಾರ್.
"ಅಲ್ಲಿಗೆ" ಅಂದಳು, ಗಲ್ಲದಿಂದಲೇ ತೋರಿಸಿ.

ಅಲ್ಲಿ ಅಂದರೆ ಅದೇ. ಅಮಾಸ್ಯದಲ್ಲಿ ಹುಟ್ಟಿದವರು
ಮುಖ ತೊಳೆಯುವಾಗ, ಬಟ್ಟೆ ಹರವುವಾಗ,
ಜಗಳದ ನಡುವೆ ಉಸಿರೆಳೆದುಕೊಳ್ಳುವಾಗ
ನೋಡದೆಯೇ ನೋಡುವ ಬಂಡೆ;
ಬಂಡೆಯ ಹೊಟ್ಟೆಯಲ್ಲಿ ಕೊರೆದ ಗೋರಿಗಳು,
ಹಳೇ ಪೊಂಟಸ್ ರಾಜರವು.
ಹೊರಗಿನವರು ಬಸ್ಸು ಮಾಡಿಕೊಂಡು ಬರುತ್ತಾರೆ.
ಹಿತ್ತಲ ಗಿಡ ನಮಗೆ ಮದ್ದಲ್ಲ.
ಐವತ್ತೆರಡು ವರ್ಷದಲ್ಲಿ ನಾನು ಒಮ್ಮೆಯೂ ಹತ್ತಿರಲಿಲ್ಲ.

ರೈಲು ಹಳಿ ದಾಟಿದೆವು. ಹುಡುಗನೊಬ್ಬ ಟಿಕೆಟ್ ಕೇಳಿದ.
"ನೆರೆಮನೆಗೆ ಹೋಗೋಕೂ ಟಿಕೆಟ್ಟೇ?"
ಪೆರಿಹಾನ್ ಸೊಂಟದ ಮೇಲೆ ಕೈಯಿಟ್ಟಳು.
ಆಮೇಲೆ ನಾಲ್ವರಿಗೂ ಅವಳೇ ಕೊಟ್ಟಳು,
ಚಿಲ್ಲರೆಯನ್ನು ಎರಡು ಸಲ ಎಣಿಸಿಕೊಂಡು.

ಮೆಟ್ಟಿಲು. ಮತ್ತೆ ಮೆಟ್ಟಿಲು.
ಪೆಟ್ಟಿಗೆ ಹೊತ್ತ ಮೊಣಕಾಲು ಪೆಟ್ಟಿಗೆಯಿಲ್ಲದೆಯೂ ನೋಯುತ್ತದೆ.
ನೆಝಾಹತ್ ಮಾತ್ರ ಮುಂದೆ ಮುಂದೆ.
ವಸಂತದಿಂದೀಚೆಗೆ ಅವಳು ಮಾತು ಉಳಿತಾಯ ಮಾಡುತ್ತಿದ್ದಾಳೆ;
ಯಾಕೆಂದು ನಾವು ಕೇಳಿಲ್ಲ, ಅವಳು ಹೇಳಿಲ್ಲ,
ಸೇಬಿಗೆ ಸ್ಟಿಕ್ಕರ್ ಅಂಟಿಸುವ ವೇಗ ಮಾತ್ರ ಹೆಚ್ಚಿದೆ.

ಒಳಗೆ ಏನಿತ್ತು?
ಏನೂ ಇರಲಿಲ್ಲ.
ಉಳಿಯ ಗುರುತು, ಪಾರಿವಾಳದ ಹಿಕ್ಕೆ,
ಯಾರೋ ಪ್ರೇಮಿಗಳು ಗೀಚಿದ ಹೆಸರು, ಆಮೇಲೆ ತಣ್ಣನೆ ಗಾಳಿ.
ಗುಲಿಝಾರ್ ಕೈ ಚಾಚಿ ಅಳೆದಳು, ಬಾಯಿಂದ ಹಬೆ ಬಿಟ್ಟು ನೋಡಿದಳು:
"ಅಯ್ಯೋ, ಇದು ನಮ್ಮ ಮೂರನೇ ರೂಮು ಕಣ್ರೇ!"
ನಕ್ಕೆವು. ನಗು ಬಂಡೆಗೆ ಬಡಿದು
ನಮಗಿಂತ ದಪ್ಪ ದನಿಯಲ್ಲಿ ವಾಪಸು ಬಂತು.

ನಿಜವೇ. ಕೆಡಬಾರದೆಂದು ಇಟ್ಟದ್ದು.
ಕರೆಂಟಿಲ್ಲ, ಮೆಕ್ಯಾನಿಕ್ ಇಲ್ಲ,
ಎರಡು ಸಾವಿರ ವರ್ಷವಾದರೂ ತಂಪು ಕೆಟ್ಟಿಲ್ಲ;
ಇಟ್ಟ ಸರಕನ್ನು ಮಾತ್ರ ಯಾರು ಯಾವಾಗ ಒಯ್ದರೋ.
"ರಾಣಿಯರನ್ನು ಎಲ್ಲಿಟ್ಟರು?" ಪೆರಿಹಾನ್ ಕಾವಲಿನವನನ್ನು ಕೇಳಿದಳು.
ಅವನು ಫಲಕ ಓದಿದ, ಮತ್ತೊಮ್ಮೆ ಓದಿದ,
"ಇದರಲ್ಲಿ ಬರೆದಿಲ್ಲ, ಅಬ್ಲಾ" ಎಂದ.

ಮೇಲಿನಿಂದ ಊರು ಚೆಂದ, ಎಲ್ಲರೂ ಹೇಳುವ ಹಾಗೇ:
ಹಸಿರು ಹೊಳೆ, ಹೊಳೆಗೆ ಬಾಗಿದ ಮರದ ಮನೆಗಳು.
ಗಡಿಯಾರದ ಗೋಪುರವನ್ನು ಯಾರೂ ನೋಡಲಿಲ್ಲ.
ನಾಲ್ಕು ಜೋಡಿ ಕಣ್ಣು ಹುಡುಕಿದ್ದು ನಮ್ಮ ಶೆಡ್ಡಿನ ತಗಡನ್ನು.
ಸಿಕ್ಕಿತು. ನೀಲಿ. ಕಿರುಬೆರಳ ಉಗುರಿನಷ್ಟು.
"ಅಷ್ಟೇನಾ?"
ಹದಿನೇಳು ವರ್ಷ.

ಇಳಿದು ಹಳೇ ಆಸ್ಪತ್ರೆಗೂ ಹೋದೆವು.
ಅಲ್ಲಿ ಹಿಂದೆ ಮನಸ್ಸಿನ ರೋಗಕ್ಕೆ
ನೀರಿನ ಸದ್ದು, ವಾದ್ಯದ ಸದ್ದು ಮದ್ದಾಗಿತ್ತಂತೆ.
ನಾವು ಗಾಜಿನೊಳಗಿನ ಕತ್ತರಿ, ಗರಗಸ ನೋಡಿ
ಹಲ್ಲು ಕಚ್ಚಿಕೊಂಡು ಹೊರಬಂದರೆ
ನೆಝಾಹತ್ ಅಂಗಳದ ಕಲ್ಲಿನ ಮೇಲೆ ಕೂತಿದ್ದಳು,
ಯಾರೋ ಪಕ್ಕದ ಕೋಣೆಯಿಂದ ಕರೆದರೆಂಬಂತೆ ಕಿವಿ ಕೊಟ್ಟು.
ಕಾದೆವು. ಬಸ್ಸೇನೂ ತಪ್ಪುತ್ತಿರಲಿಲ್ಲ.

ಮಧ್ಯಾಹ್ನ ಬೆಯಾಝಿತ್ ಮಸೀದಿಯ ತೋಟದಲ್ಲಿ
ಮುದಿ ಚಿನಾರಿನ ಕೆಳಗೆ ಕಾಲು ಚಾಚಿದೆವು.
ಏಪ್ರನ್ನಿನ ಜೇಬಿನಿಂದ ಸೇಬು ಬಂದವು,
ಮಚ್ಚೆ ಬಿದ್ದವು, ಡೊಂಕಾದವು,
ಪೆಟ್ಟಿಗೆಗೆ ಸಲ್ಲದವು, ನಮಗೆ ಸಲ್ಲುವವು.
ಪೆರಿಹಾನಳ ಫೋನು ಕೂಗಿತು:
ರಿಪೇರಿ ಆಯಿತು, ನಾಳೆ ಏಳಕ್ಕೆ ಬನ್ನಿ.

ಆಗ ನೆಝಾಹತ್ ಜೇಬಿಗೆ ಕೈ ಹಾಕಿ
ಸ್ಟಿಕ್ಕರಿನ ಸುರುಳಿ ತೆಗೆದಳು.
ಒಂದೊಂದು ಡೊಂಕು ಸೇಬಿಗೂ ಒಂದೊಂದು,
ಕಚ್ಚಿ ಅರ್ಧ ಮುಗಿದದ್ದಕ್ಕೂ: "ಮೊದಲ ದರ್ಜೆ".
ಆಮೇಲೆ ಗುಲಿಝಾರಳ ಹಣೆಗೆ. ಪೆರಿಹಾನಳ ಮೊಣಕಾಲಿಗೆ.
ನನ್ನ ಅಂಗೈ ತಿರುಗಿಸಿ, ಹಿಂಬದಿಗೆ ಒತ್ತಿ ಅಂಟಿಸಿ,
"ಇವಳನ್ನು ಮೂರನೇ ರೂಮಿಗೆ ಹಾಕಬೇಡಿ" ಎಂದಳು.

ರಾತ್ರಿ ಪಾತ್ರೆ ತೊಳೆಯುವಾಗ
ಬಂಡೆಯ ಮೇಲೆ ದೀಪ ಹಾಕಿದ್ದರು.
ನಾನು ಆ ಕೈಯನ್ನು ನೀರಿಗೆ ಇಳಿಸಲಿಲ್ಲ.