ಹದಿನೇಳನೆಯ ಚೀಟಿ

ಚುನಾವಣೆ ಬಂತೆಂದರೆ ಠಾಣೆಗೆ ಕೋವಿಗಳು ಬರುತ್ತವೆ
ಬೈಕಿನ ಹಿಂದೆ, ಬಸ್ಸಿನ ಸೀಟಿನಡಿ, ಗೋಣಿ ಸುತ್ತಿಕೊಂಡು,
ಒಂದು ಸಲ ತೊಟ್ಟಿಲ ಬಟ್ಟೆಯಲ್ಲಿ.
ಶೇಂಗಾ ಹೊಲದ ಮಂಚಿಕೆ ಮೇಲೆ
ಹಂದಿಗಳಿಗಾಗಿ ರಾತ್ರಿಯೆಲ್ಲ ಎಚ್ಚರವಿದ್ದವು
ಮೊಳಕಾಲ್ಮೂರಿನ ಹಿಂಗೋಣೆಯಲ್ಲಿ
ಕೊರಳಿಗೆ ಚೀಟಿ ಕಟ್ಟಿಸಿಕೊಂಡು ನಿಲ್ಲುತ್ತವೆ,
ಪಿಂಚಣಿ ದಿನದ ಮುದುಕರ ಹಾಗೆ.

ರೈಟರ್ ರುದ್ರಮುನಿ ನಕ್ಕ:
"ಈ ಬಯಲಿಗೆ ಎಲ್ಲಿಯ ತುಕ್ಕು ಮೇಡಂ?
ಮೋಡಕ್ಕೇ ನಮ್ಮೂರ ದಾರಿ ಗೊತ್ತಿಲ್ಲ."

ನಾನೂ ಹಾಗೇ ತಿಳಿದಿದ್ದೆ.
ಆದರೆ ನೀರು ಮೋಡದಿಂದಲೇ ಬರಬೇಕಿಲ್ಲ.
ಹೊಸ ಗಾರೆಯ ಗೋಡೆ ತಿಂಗಳುಗಟ್ಟಲೆ ಬೆವರುತ್ತದೆ.
ಮೂಲೆಯ ಹರವಿ ರಾತ್ರಿ ತಣ್ಣಗೆ ಉಸಿರು ಬಿಡುತ್ತದೆ,
ಹೊದಿಸಿದ ಗೋಣಿ ಆ ಉಸಿರನ್ನು ಕುಡಿದು ಸುಮ್ಮನೆ ಕೂರುತ್ತದೆ.
ಎಲ್ಲಕ್ಕಿಂತ ಮನುಷ್ಯನ ಕೈ.
ಕೈಯಲ್ಲಿ ಉಪ್ಪಿದೆ.

ಹರವಿ ಹೊರಗಿಡಿಸಿದೆ. ಗೋಣಿ ಬಿಚ್ಚಿಸಿದೆ.
ಚಪ್ಪಲಿ ಅಂಗಡಿಯ ಖಾಜಾಹುಸೇನ್ ಡಬ್ಬಿಯಲ್ಲಿ ಕೂಡಿಟ್ಟಿದ್ದ
ತಿನ್ನಬಾರದ ಹರಳಿನ ಪೊಟ್ಟಣ ಬೇಡಿ ತಂದು
ಹರಳುಗಳನ್ನು ಬಾಣಲೆಯಲ್ಲಿ ಬೆಚ್ಚಗೆ ಹುರಿದು, ಆರಿಸಿ,
ಬಟ್ಟೆಯಲ್ಲಿ ಗಂಟು ಕಟ್ಟಿ ಕಪಾಟಿನ ಮೂಲೆಗಿಟ್ಟೆ.
ಎಣ್ಣೆಗೆಂದು ದುರ್ಗಕ್ಕೆ ಹೋದ ಅರ್ಜಿ ತಿರುಗಿ ಬರಲಿಲ್ಲ,
ನನ್ನ ಹೊಲಿಗೆ ಯಂತ್ರದ್ದೇ ತಂದೆ.
ದಾವಣಗೆರೆಯ ಮಿಲ್ಲು ಕೂಗುತ್ತಿದ್ದ ಕಾಲದ
ಅಪ್ಪನ ಪಂಚೆ ಹರಿದು ಚಿಂದಿ ಮಾಡಿದೆ.

ಶೇಂಗಾ ಎಣ್ಣೆ ಹಚ್ಚಿದವರ ಕೋವಿ ನೋಡಬೇಕು,
ಪ್ರೀತಿ ಜಾಸ್ತಿಯಾಗಿ ಅಂಟುಗಟ್ಟಿದೆ.
ಕುದುರೆಗೆ ಕಾಲೇ ಏಳುವುದಿಲ್ಲ.

ಭಾನುವಾರಗಳು ಹೀಗೆ ಹೋದವು:
ಒಳಗೆ ಖಾಲಿಯೇ ಎಂದು ನೋಡುವುದು, ಇನ್ನೊಮ್ಮೆ ನೋಡುವುದು,
ಸಲಾಕೆಗೆ ಚಿಂದಿ ಸುತ್ತಿ ನಳಿಗೆಯಲ್ಲಿ ನೂಕುವುದು
ಕಪ್ಪು ಬರುವಷ್ಟು ಹೊತ್ತು, ಬಿಳಿ ಬರುವವರೆಗೆ.
ಕಿಟಕಿಗೆ ಹಿಡಿದರೆ ಆ ತುದಿಯಲ್ಲಿ
ನಾಲ್ಕಾಣೆಯಷ್ಟು ಆಕಾಶ.

ಮತ ಎಣಿಸಿದ ಮೇಲೆ ಒಬ್ಬೊಬ್ಬರೇ ಬಂದು ಒಯ್ದರು.
ಹದಿನೇಳನೆಯ ಚೀಟಿಯವನು ಬರಲಿಲ್ಲ.
ಸೂರಯ್ಯ, ಕರೇಗುಡ್ಡದ ಹಟ್ಟಿ, ಒಂಟಿ ನಳಿಗೆ.
ಒಂದು ಅಕಾಲದ ಮಳೆ ರಾತ್ರಿಯೆಲ್ಲ ತಗಡು ಬಡಿದು ಹೋಯಿತು.
ಎರಡು ವಾರ ನಾನು ಬಂದೋಬಸ್ತಿಗೆ ಹೋಗಿದ್ದೆ.
ಬಂದು ನೋಡಿದರೆ
ಎಡಗೈ ಹಿಡಿಯುವ ಜಾಗದಲ್ಲಿ, ನನ್ನ ಚಿಂದಿ ತಪ್ಪಿಸಿಕೊಂಡ ಕಡೆ
ಕೆಂಪಗೆ ಎದ್ದಿತ್ತು ಒಂದು ಹೆಬ್ಬೆಟ್ಟು.
ಸುಳಿಯೊಳಗೆ ಸುಳಿ, ನಡುವೆ ಅಡ್ಡಗೆರೆ.
ರಿಜಿಸ್ಟರು ತೆಗೆದು ನೋಡಿದೆ: ಅವನು ಒತ್ತಿದ ನೀಲಿ ಗುರುತು
ಮಸಿ ಹರಡಿ ಕಂಬಳಿಹುಳದಂತಿತ್ತು.
ಕಬ್ಬಿಣವೇ ಚೆನ್ನಾಗಿ ಬರೆದುಕೊಂಡಿತ್ತು.

ಅವನ ಮಗಳು ಬಂದಳು, ಓಬಕ್ಕ,
ಮರಣಪತ್ರ ಮಡಿಸಿ ಬಳೆಯೊಳಗೆ ಸಿಕ್ಕಿಸಿಕೊಂಡು.
"ಲೈಸೆನ್ಸು ನಿನ್ನ ಹೆಸರಿಗಾಗಬೇಕವ್ವ. ದುರ್ಗಕ್ಕೆ ಹೋಗಬೇಕು."
"ಹೋಗ್ತೀನಿ. ಹಂದಿಗೂ ಒಂದು ನೋಟೀಸ್ ಕೊಟ್ಟಿರ್ರಿ,
ಅಲ್ಲೀಗಂಟ ಬರಬ್ಯಾಡ್ರಿ ಅಂತ."

ಏನೂ ಹೇಳದೆ ಕೋವಿ ತಂದು ಮೇಜಿನ ಮೇಲಿಟ್ಟೆ.
ಅವಳು ಬಹಳ ಹೊತ್ತು ನೋಡಿದಳು.
"ಈ ಗೀರು ಕುಡುಗೋಲಿಂದು. ನಾ ಹುಟ್ಟಿದ ವರ್ಷ."
ತನ್ನ ಹೆಬ್ಬೆರಳು ಅದರ ಮೇಲಿಟ್ಟಳು.
ಚಿಕ್ಕದು. ಸುತ್ತಲೂ ಕೆಂಪು ಉಳಿಯಿತು.

ತುಕ್ಕಿಗೆ ನೆನಪಿನ ಮರ್ಯಾದೆ ಕೊಟ್ಟರೆ
ಅದು ನೆನಪಿಟ್ಟುಕೊಂಡು ಕೂರುವುದಿಲ್ಲ, ಒಳಗೆ ತಿನ್ನುತ್ತದೆ.
ಇದನ್ನು ಹೇಗೆ ಹೇಳಲಿ ಎಂದು ನಾನು ತಡವರಿಸುವಾಗ
ಅವಳೇ ಅಂದಳು:
"ಉಜ್ಜಿ ಬಿಡಕ್ಕ.
ಅಪ್ಪ ಅದರ ಮ್ಯಾಲೆ ನೊಣ ಕುಂತ್ರೂ ಬೈತಿದ್ದ."

ಉಕ್ಕಿನ ನಾರಿಗೆ ಎಣ್ಣೆ ಮುಟ್ಟಿಸಿ ಉಜ್ಜಿದೆ, ಮೆಲ್ಲಗೆ.
ಮೊದಲು ಅಂಚು ಹೋಯಿತು, ಆಮೇಲೆ ಸುಳಿ.
ಅಡ್ಡಗೆರೆ ಕೊನೆಗೆ.
ಚಿಂದಿ ಕೆಂಪಾಯಿತು. ಅದನ್ನು ಅವಳು ಕೇಳಲಿಲ್ಲ, ನಾನು ಕೊಡಲಿಲ್ಲ.

ಹೋಗುವಾಗ ನಳಿಗೆಯನ್ನೊಮ್ಮೆ ಉದ್ದಕ್ಕೂ ಸವರಿದಳು,
ಬರಿಗೈಯಲ್ಲಿ.
ಆಗಲೇ ಒರೆಸಬೇಕಿತ್ತು. ಉಪ್ಪು ಕಾಯುವುದಿಲ್ಲ.
ಸಂಜೆಯವರೆಗೆ ಹಾಗೇ ಬಿಟ್ಟಿದ್ದೆ.
ಬೀಗ ಹಾಕುವ ಮುಂಚೆ
ಒರೆಸಿದೆ.