ಮಿನಿಟ್ಸ್ ಪುಸ್ತಕದ ಕೊನೆಯ ಪುಟ

ಮಾಲೂರಿನ ಸಂಘದ ಕೋಣೆಯಲ್ಲಿ
ಒಂದು ಹಳೇ ಪೋಸ್ಟರು:
ಮುಷ್ಟಿ ಎತ್ತಿದ ಕಪ್ಪು ಹೆಂಗಸು, ದೂರದೇಶದವಳು.
ಪಿಳ್ಳಮ್ಮ ನೋಡಿ
"ಯಾವೂರೋಳೇ ಇವಳು?
ತಲೆಗೆ ಎಣ್ಣೆ ಮುಟ್ಸಾಕೂ ಪುರ್ಸೊತ್ತಿಲ್ಲ ಪಾಪ,
ನಮ್ಮಂಗೆ" ಅಂದಿದ್ದಳಂತೆ.

ಮುಷ್ಕರದ ಇತಿಹಾಸ ಬರೆಯಲು ಬಂದವಳು ನಾನು.
ಎಪ್ಪತ್ತೊಂಬತ್ತು, ಇಟ್ಟಿಗೆ ಗೂಡು, ಹದಿನೇಳು ದಿನ.
ಫೋಟೊದಲ್ಲಿ ಐವರು ಗಂಡಸರು, ಐದು ಹೆಸರು.
ಅಂಚಿನಲ್ಲಿ ಅರ್ಧ ಮೊಣಕೈ, ಗಾಜಿನ ಬಳೆ.

"ಮುಂದೆ ನಿಂತವಳು ನೀನೇ ಅಲ್ಲವೇ?"
"ನಾನೆಲ್ಲಿ ನಿಂತೆ! ಕೂತಿದ್ದೆ,
ಲಾರಿ ಚಕ್ರದ ಮುಂದೆ, ಮಗೂಗೆ ಹಾಲು ಕೊಡ್ತಾ.
ಡ್ರೈವರು ಹಾರನ್ ಹೊಡೆದ.
ಮಗೂನೇ ಹೆದರಲಿಲ್ಲ, ನಾನ್ಯಾಕೆ ಏಳಲಿ?
ಆಮೇಲೆ ಅಂಜಿನಕ್ಕ ಬಂದು ಕೂತ್ಲು,
ಪಾಪಕ್ಕ, ಅವಳ ಅತ್ತೆ..."

ಸಾವಿರದ ಕೂಲಿಗೆ ಸಾವಿರದ ನೂರು ಹೊರಿಸುತ್ತಿದ್ದ ಲೆಕ್ಕವನ್ನು
ಇದ್ದಿಲಲ್ಲಿ ಗೋಡೆಗೆ ಗೀಟು ಹಾಕಿ ಹಿಡಿದದ್ದು ಯಾರು?
ಅದಕ್ಕೆ ಉತ್ತರಿಸಲಿಲ್ಲ.
ಹೆಬ್ಬೆರಳಲ್ಲಿ ಎಲೆಗೆ ಸುಣ್ಣ ಸವರುತ್ತಾ ಕೂತಳು.

ಮಿನಿಟ್ಸ್ ಪುಸ್ತಕದ ಕೊನೆಯ ಪುಟ:
ಐದು ರುಜು, ನೀಲಿ ಶಾಯಿ.
ಕೆಳಗೆ ಹೆಸರಿಲ್ಲದ ಒಂದು ಹೆಬ್ಬೆಟ್ಟು,
ಶಾಯಿಯದಲ್ಲ, ಕೆಮ್ಮಣ್ಣಿನದು.
ಧೂಳಿರಬೇಕೆಂದು ಒರೆಸಿದೆ.
ಹೋಗಲಿಲ್ಲ.