ಮಂಗಳವಾರದ ಕಾಲು

ಈ ಮಡಿಕೇರಿಯಲ್ಲಿ ಸಮತಟ್ಟಾಗಿರುವುದು
ನನ್ನ ಕುರ್ಚಿಯೊಂದೇ.
ಮಿಕ್ಕಿದ್ದೆಲ್ಲ ಏರು,
ಇಲ್ಲವೇ ಬರುವಾಗ ಏರಾಗಲು ಕಾದಿರುವ ಇಳಿಜಾರು.
ನಮ್ಮ ಮೆಸ್ಸಿನಿಂದ ಮಹದೇವಪೇಟೆ ರಸ್ತೆಗೆ ಹದಿನೇಳು ಮೆಟ್ಟಿಲು;
ಒಂಬತ್ತನೆಯದರಲ್ಲಿ ನನ್ನ ಎದೆ
ಸಂತೆಯಲ್ಲಿ ಹಟ ಹಿಡಿದ ಮಗುವಿನಂತೆ ನಿಂತುಬಿಡುತ್ತದೆ.
ಹಾಗಾಗಿ ಕೂತೆ.
ಮೊದಲು ಊಟವಾದ ಮೇಲೆ, ಆಮೇಲೆ ಊಟಕ್ಕೆ ಮುಂಚೆ,
ಆಮೇಲೆ ಊಟವೇ ಕುರ್ಚಿಗೆ ಬಂತು.

ಮೂವತ್ತೊಂದು ವರ್ಷ ನಿಂತವಳು ನಾನು, ಅದನ್ನೂ ಹೇಳಬೇಕಲ್ಲ.
ಬೆಳಿಗ್ಗೆ ಐದಕ್ಕೆ ಸೌದೆ: ಹಸಿ ಸಿಲ್ವರ್ ಓಕು,
ಮಳೆಗಾಲದಲ್ಲಿ ಕಿತ್ತುಹಾಕಿದ ಕಾಫಿ ಗಿಡದ ಬೊಡ್ಡೆ.
ಕೆಂಡದ ಮೇಲೆ ಒಟ್ಟಿ ಉಬ್ಬಬೇಕು,
ಕಡಂಬುಟ್ಟಿನ ಹಬೆ ಆರಬಾರದು,
ಊದುಕೊಳವೆಗೆ ಬಾಯಿಟ್ಟು ಊದಿದೆ, ಊದಿದೆ.
ಒಲೆಗೆ ಕೊಟ್ಟ ಉಸಿರಿಗೆ ಯಾರೂ ಲೆಕ್ಕ ಇಡಲಿಲ್ಲ.
ಆಗೆಲ್ಲ ಕಾಲು ಬೇಡುತ್ತಿತ್ತು:
ಬೊಳ್ಳು, ಒಂದು ಗಳಿಗೆ ಕೂರೇ.

ಈಗ ಆಸ್ಪತ್ರೆಯಿಂದ ಬರುವ ಸುಹೈಲ್ ಹೇಳುತ್ತಾನೆ: ಅಕ್ಕ, ಏಳಿ.
ಸಣ್ಣ ಹುಡುಗ. ಎಲ್ಲೆಲ್ಲಿ ಬರಬೇಕೆಂದು
ಗಡ್ಡ ಇನ್ನೂ ಯೋಚಿಸುತ್ತಿದೆ.
ಗುಡ್ಡ ಹತ್ತಿ ಅನ್ನಲಿಲ್ಲ, ವಾಕಿಂಗ್ ಅನ್ನಲಿಲ್ಲ.
ತೊಡೆಗೆ ಬೆಂಕಿಪೊಟ್ಟಣದಷ್ಟು ಯಂತ್ರ ಕಟ್ಟಿದ,
ಕೂತದ್ದನ್ನು ಎಣಿಸುತ್ತದಂತೆ, ಏಳು ದಿನ.

ಕೂರುವುದಕ್ಕೂ ಒಬ್ಬ ಕಾವಲುಗಾರ!
ಎರಡೇ ದಿನಕ್ಕೆ ನಾಚಿಕೆಯಾಯಿತು.
ಮಂಗಳವಾರ ಬೆಳಿಗ್ಗೆ ಬಿಚ್ಚಿ
ಸರೋಜಳ ತೊಡೆಗೆ ಕಟ್ಟಿದೆ.
"ಇದೇನಕ್ಕ?"
"ತಾಯತ."
ನಕ್ಕಳು, ಒಲೆಯ ಮುಂದೆ ಹೋದಳು.

ವಾರ ಕಳೆದು ಕಾಗದ ತಂದ ಸುಹೈಲ್.
ದಿನಕ್ಕೊಂದು ಪಟ್ಟಿ; ಕೂತದ್ದು ಬೂದಿಬಣ್ಣ, ನಿಂತದ್ದು ಹಸಿರು.
ಭಾನುವಾರ ಬೂದಿ, ಸೋಮವಾರ ಬೂದಿ,
ಹನ್ನೊಂದೂವರೆ ಗಂಟೆ, ಹನ್ನೆರಡು,
ನಡುವೆ ಮಂಗಳವಾರ, ನಾಟಿಯಾದ ಗದ್ದೆ.
"ಇದು ಯಾರಕ್ಕ?" ಎಂದ, ನಗು ತಡೆಯುತ್ತ.
ನಾನೇ, ಎಂದೆ.
ಪೂರ್ತಿ ಸುಳ್ಳಲ್ಲ.
ಐದರಿಂದ ಮೂರರವರೆಗೆ ಬಿಡುವಿಲ್ಲದ ಆ ಹಸಿರು
ನನಗೆ ಗೊತ್ತಿತ್ತು, ಹಿಮ್ಮಡಿಯ ಬಿರುಕಿನವರೆಗೆ.
ನೋಡುತ್ತಿದ್ದ ಹಾಗೇ ಒಳಗೆ ಸರೋಜ ಕೆಮ್ಮಿದಳು.
ನನ್ನದೇ ಕೆಮ್ಮು,
ಹತ್ತು ವರ್ಷ ಹಿಂದಿನದು.

ಎದ್ದೆ.
ಅವನು ಕಲಿಸಿದ ಹಾಗೆ: ಅಂಚಿಗೆ ಸರಿದು, ಮೂಗಿನಿಂದ ಎಳೆದು,
ತುಟಿ ಕೂಡಿಸಿ ನಿಧಾನಕ್ಕೆ ಬಿಡುತ್ತ, ಬಿಡುವಾಗಲೇ ಏಳಬೇಕು.
ಊದುಕೊಳವೆ ಕಂಡ ತುಟಿಗೆ ಇದೇನು ಹೊಸದೇ?
ಈ ಸಲ ಎದುರಿಗೆ ಬೆಂಕಿಯಿಲ್ಲ, ಅಷ್ಟೆ.
ಅಡುಗೆಮನೆಗೆ ಹನ್ನೊಂದು ಹೆಜ್ಜೆ.
ಜಿಡ್ಡು ಕಟ್ಟಿದ ಕಿಟಕಿಯನ್ನು ಮೊಣಕೈಯಿಂದ ನೂಕಿ ತೆರೆದೆ.
"ಹೋಗು, ಕೂತುಕೋ."
"ನೀವು?"
"ನಾನು ಕೂರಬಾರದಂತೆ."

ಈಗ ನಮ್ಮಲ್ಲಿ ಹೀಗೆ:
ರೇಡಿಯೋದಲ್ಲಿ ವಾರ್ತೆ ಬಂದರೆ ಏಳುತ್ತೇನೆ,
ಕಿಟಕಿಯ ಬದಿ ನಿಂತು ಹಿಟ್ಟಿನ ಉಂಡೆ ಕಟ್ಟುತ್ತೇನೆ, ಇಪ್ಪತ್ತು.
ಗಿರಾಕಿಗಳ ಚಿಲ್ಲರೆ ನಿಂತೇ ಎಣಿಸುವುದು.
ಕಾಚಂಪುಳಿ ಬಾಟಲಿಯನ್ನು ಬೇಕೆಂದೇ ದೂರದ ಕಪಾಟಿಗೆ ಸಾಗಿಸಿದ್ದೇನೆ.
ಸೋತರೆ ಕೂರುತ್ತೇನೆ, ಅದೇನು ಅಪರಾಧವಲ್ಲ.
ಸರೋಜ ಎದ್ದು ಜಾಗ ಬಿಡುತ್ತಾಳೆ;
ಕುರ್ಚಿ ಬೆಚ್ಚಗಿರುತ್ತದೆ.
ಗ್ಯಾಸಿನಲ್ಲಿ ಒಟ್ಟಿ ಉಬ್ಬುವುದಿಲ್ಲ ಎಂಬುದು ಅವಳ ಹಟ,
ಸೌದೆ ಇನ್ನೂ ಬರುತ್ತಲೇ ಇದೆ;
ಆ ಜಗಳವನ್ನೂ ನಿಂತೇ ಆಡುತ್ತೇನೆ.

ಮೊನ್ನೆ ಆಟೋ ಹಿಡಿದು ರಾಜಾಸೀಟಿಗೆ ಹೋದೆವು.
ಅರಸರು ಕೂತು ನೋಡಿದ ಸೂರ್ಯ.
ಸರೋಜಳನ್ನು ಬೆಂಚಿಗೆ ಕೂರಿಸಿ, ಚಪ್ಪಲಿ ಬಿಚ್ಚಿಸಿ,
ನಾನು ಕಂಬಿ ಹಿಡಿದು ನಿಂತೆ.
ಗುಡ್ಡದ ಹಿಂದಕ್ಕೆ ಇಳಿಯಲು ಅವನಿಗೆ ಆರು ನಿಮಿಷ ಹಿಡಿಯಿತು.
ಏಳನೆಯದಕ್ಕೆ,
ಸ್ವಲ್ಪ ಸರಿ, ಎಂದೆ ಅವಳಿಗೆ.